ಹದಿನಾಲ್ಕನೆಯ ಹೆಜ್ಜೆ

ಅವರ ಬಲಗಾಲಿನ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೂ, ಕಾಗದ ಬರೆಯಲು ಕೂತರೂ ಅದು ನೆಲವನ್ನು ಕುಟ್ಟುತ್ತಲೇ ಇರುತ್ತಿತ್ತು. ಒಂದು ಈಸ್ಟರ್ ದಿನ ಅವರ ಜೊತೆ ಚರ್ಚಿಗೆ ಹೋಗಿದ್ದೆ. ಮಂಡಿಯೂರಿ ಕಣ್ಣು ಮುಚ್ಚಿದ್ದವರ ಬೆರಳು ಅಲ್ಲೂ ಟಕಟಕ ಅನ್ನುತ್ತಿತ್ತು. ಬಲಗಾಲಿನ ಚಪ್ಪಲಿಯ ಉಂಗುಟ ಮೂರು ತಿಂಗಳಿಗೊಮ್ಮೆ ಕಿತ್ತುಹೋಗುತ್ತಿತ್ತು, ಎಡಗಾಲಿನದು ಹೊಸದಾಗಿಯೇ ಉಳಿದಿರುತ್ತಿತ್ತು.

ಎಲ್ಲರೂ ಅವರನ್ನು ಮೇಟ್ರನ್ನಮ್ಮ ಅನ್ನುತ್ತಿದ್ದರು. ಮೈಸೂರಿನ ಅಂಚಿನಲ್ಲಿ, ಹೆಬ್ಬಾಳದ ಕಡೆಗೆ ಎತ್ತಿನಗಾಡಿಗಳು ಹೋಗುವ ರಸ್ತೆಯ ಪಕ್ಕದಲ್ಲಿ, ದಿಕ್ಕಿಲ್ಲದ ಮುದುಕ ಮುದುಕಿಯರಿಗೆಂದು ಒಬ್ಬ ವರ್ತಕರು ಕಟ್ಟಿಸಿದ ಮನೆ ಅದು. ಕಟ್ಟಿಸಿದವರು ಲಿಂಗಾಯತರು, ನೋಡಿಕೊಳ್ಳುವ ಮೇಟ್ರನ್ನಮ್ಮ ಕ್ರೈಸ್ತರು, ಒಳಗಿದ್ದವರು ಹತ್ತು ಜಾತಿಯವರು. ಅಡುಗೆಮನೆಯಲ್ಲಿ ಜಗಳವಿಲ್ಲದ ದಿನವೇ ಇರಲಿಲ್ಲ ಅನ್ನಿ.

ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡ ನಾನು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮಠದ ಸ್ವಾಮಿಗಳು ಹೇಳಿದರೆಂದು ಅಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಜಗಲಿಯ ಮೇಲೆ ಕೂತು ಅಳುತ್ತಿದ್ದೆ. ಮೇಟ್ರನ್ನಮ್ಮ ಬಂದು ನೀರು ತುಂಬಿದ ಬಕೆಟ್ಟನ್ನು ಕೈಗೆ ಕೊಟ್ಟರು. "ಅಳೋದಿದ್ರೆ ನಡೀತಾ ಅಳು ಕಣಮ್ಮ. ಕೂತ್ಕೊಂಡು ಅತ್ರೆ ಮತ್ತೆ ಏಳೋಕಾಗಲ್ಲ" ಅಂದರು. ಎಂಥ ಕಲ್ಲುಮನಸ್ಸಿನ ಹೆಂಗಸಪ್ಪಾ ಎಂದು ಮನಸ್ಸಿನಲ್ಲೇ ಬೈದುಕೊಂಡು ನಡೆದೆ. ಅಳುತ್ತಲೇ ನಡೆದೆ. ಸಂಜೆಯ ಹೊತ್ತಿಗೆ ಅಳು ನಿಂತಿತ್ತು, ಬೈಗುಳ ಮಾತ್ರ ಇನ್ನೂ ಒಂದು ವರ್ಷ ನಡೆಯಿತು.

ಹೊಂಗೆ ಮರ ಚಿಗುರಿತೆಂದರೆ ಅವರನ್ನು ಹಿಡಿಯುವವರಿರಲಿಲ್ಲ. ಯುಗಾದಿಗೆ ಮುಂಚಿನ ವಾರ ಮಂಚಗಳನ್ನು ಬಿಸಿಲಿಗೆ ಹಾಕುವ ದಿನ. ಇಪ್ಪತ್ತಾರು ಮಂಚಗಳೂ ಅಂಗಳಕ್ಕೆ ಬರಬೇಕು, ಸಂದುಗೊಂದಿಗೆಲ್ಲ ಕುದಿಯುವ ನೀರು ಹುಯ್ದು ತಿಗಣೆ ಸಾಯಿಸಬೇಕು, ಹಾಸಿಗೆಯ ಹಳೆಯ ಹುಲ್ಲು ಸುಟ್ಟು ಹೂಟಗಳ್ಳಿಯಿಂದ ಗಾಡಿಯಲ್ಲಿ ಬಂದ ಹೊಸ ಹುಲ್ಲು ತುಂಬಬೇಕು. ಅಷ್ಟು ಹೊತ್ತೂ ಮುದುಕರೆಲ್ಲ ತಂತಮ್ಮ ಗಂಟು ಮಡಿಲಲ್ಲಿಟ್ಟುಕೊಂಡು ಹೊಂಗೆಯ ನೆರಳಿನಲ್ಲಿ ಕೂತು ನಮಗೆ ಬುದ್ಧಿ ಹೇಳುತ್ತಿದ್ದರು. ಜಟಕಾ ಓಡಿಸಿ ಮುದುಕನಾದ ತಾತನಂತೂ ಮಂಚವನ್ನೂ ಕುದುರೆಯ ಹಾಗೆ "ಹೋಯ್, ಎಡಕ್ಕೆ!" ಎಂದು ಹೊಡೆಯುತ್ತಿದ್ದ. ನನಗೆ ಸೊಂಟ ಮುರಿದು ಹೋಗುತ್ತಿತ್ತು. ಮೇಟ್ರನ್ನಮ್ಮ ಮಾತ್ರ ಸೆರಗು ಬಿಗಿದು ಹಂಡೆಯಿಂದ ಮಂಚಕ್ಕೆ, ಮಂಚದಿಂದ ಹಂಡೆಗೆ. ಈಸ್ಟರಿಗೆ ಮುಂಚಿನ ಅವರ ತಪಸ್ಸುಕಾಲದ ಉಪವಾಸ ಬೇರೆ. ಯುಗಾದಿಯ ಹೋಳಿಗೆ ಎಲ್ಲರ ಎಲೆಗೂ ತಾವೇ ಬಡಿಸುವರು, ತಾವು ಮುಟ್ಟುತ್ತಿರಲಿಲ್ಲ.

ನಮ್ಮಲ್ಲಿ ಬಳೆಗಾರಜ್ಜಿ ಎಂದೊಬ್ಬರಿದ್ದರು. ನಲವತ್ತು ವರ್ಷ ಬಳೆಯ ಮಲಾರ ಹೊತ್ತು ಊರೂರು ಸುತ್ತಿದವರು, ಈಗ ಎರಡೂ ಕಣ್ಣಿಗೆ ಏನೂ ಕಾಣದು. ಆದರೂ ಒಬ್ಬರ ಕೈ ಹಿಡಿಯುತ್ತಿರಲಿಲ್ಲ. ಮಂಚದ ಕಾಲಿನಿಂದ ಬಚ್ಚಲಿನ ಕಂಬಕ್ಕೆ ಹದಿನೇಳು ಹೆಜ್ಜೆ. ಎಣಿಸಿಕೊಂಡು ಹೋಗುವರು, ಎಣಿಸಿಕೊಂಡು ಬರುವರು. ಹಾಗೆ ನಡೆಯದೆ ಅವರಿಗೆ ಗತಿಯೂ ಇರಲಿಲ್ಲ. ತಾವೇ ಎದ್ದು ಓಡಾಡಲಾಗದವರನ್ನು ಹಿತ್ತಲಿನಲ್ಲಿದ್ದ ಹಿಂದಿನ ಮನೆಗೆ ಸಾಗಿಸಬೇಕೆಂಬುದು ಅಲ್ಲಿಯ ಕಾನೂನು. ಕತ್ತಲೆ ಕೋಣೆ, ಒಬ್ಬಳೇ ಆಯಾ, ಮಾತಾಡಿಸುವವರಿಲ್ಲ. ಅಲ್ಲಿಗೆ ಹೋದವರು ನಡೆದು ವಾಪಸು ಬಂದದ್ದನ್ನು ನಾನು ಕಾಣೆ.

ಒಂದು ವರ್ಷ ಮಂಚಗಳಿದ್ದ ಹಾಲಿನ ಗೋಡೆ ಒಡೆದು ಹೊಸ ಕಿಟಕಿ ಇಟ್ಟರು. ಮಂಚಗಳನ್ನು ಒಳಗೆ ತರುವಾಗ ಮೇಟ್ರನ್ನಮ್ಮನಿಗೆ ಒಂದು ಯೋಚನೆ ಬಂತು. ಅಜ್ಜಿಗೆ ಬೆಳಕಂತೂ ಇಲ್ಲ, ಗಾಳಿಯಾದರೂ ಸಿಗಲಿ ಎಂದು ಅವರ ಮಂಚವನ್ನು ಎದುರು ಸಾಲಿಗೆ, ಕಿಟಕಿಯ ಪಕ್ಕಕ್ಕೆ ಹಾಕಿಸಿದರು. ಅಜ್ಜಿಗೆ ಹೇಳಿದರು, ಕೈ ಹಿಡಿದು ದಾರಿಯನ್ನೂ ತೋರಿಸಿದರು. "ಗಾಳಿ ಸಂದಾಗದೆ ಕಣವ್ವ" ಎಂದು ಅಜ್ಜಿಯೂ ಹಿಗ್ಗಿದರು.

ಸಂಜೆ ಅಜ್ಜಿಗೆ ಅವಸರವಾಯಿತು. ಹೊಸ ಜಾಗ ಮನಸ್ಸಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಹದಿನೇಳು ಹೆಜ್ಜೆ ಎಣಿಸಿ, ಬಚ್ಚಲೆಂದು ತಿಳಿದು ಸೀರೆ ಎತ್ತಿ ಕೂತುಬಿಟ್ಟರು. ಅದು ಮುಂಬಾಗಿಲ ಜಗಲಿ. ಗಂಡಸರೆಲ್ಲ ಸಂಜೆಯ ಬಿಸಿಲಿಗೆ ಕೂತಿದ್ದರು.

ಜಟಕಾ ತಾತ ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿ, "ಎಲ್ರೂ ಆ ಕಡೆ ತಿರುಗ್ರೋ!" ಎಂದು ಗದರಿದ. ಅವನ ದನಿ ಕೇಳಿಯೇ ಅಜ್ಜಿಗೆ ಎಲ್ಲಿದ್ದೇನೆಂದು ತಿಳಿದದ್ದು. ಅಯ್ಯೋ ಶಿವನೇ, ಆ ಮುಖ ನಾನು ಮರೆಯಲಾರೆ. ನಾನು ಓಡಿಹೋಗಿ ಸೀರೆ ಸರಿಮಾಡಿ ಕರೆತಂದೆ. ಮುಸುಕೆಳೆದು ಮಲಗಿದವರು ಮರುದಿನ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ. ಮಂಚವನ್ನು ಅಂದೇ ಹಳೆಯ ಜಾಗಕ್ಕೆ ಹಾಕಿದ್ದೆವು. "ಇವತ್ತು ಇಲ್ಲಿ ಆಕ್ತೀರಿ, ನಾಳೆ ಇನ್ನೆಲ್ಲೋ ಆಕ್ತೀರಿ. ನನ್ ಕಾಲ್ನ ನಾ ನಂಬಾಕಿಲ್ಲ, ಬುಡಿ" ಅಂದರು.

ಮನೆಯ ಆಡಳಿತ ನೋಡುತ್ತಿದ್ದ ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಿತು. ಅವರು ವಕೀಲರು, ಒಳ್ಳೆಯವರೇ, ಆದರೆ ಕಾನೂನು ಅಂದರೆ ಕಾನೂನು. "ಹಿಂದಿನ ಮನೆಗೆ ಕಳಿಸಿಬಿಡಿ" ಅಂದರು.

"ತಪ್ಪು ನಂದು ಸ್ವಾಮಿ" ಅಂದರು ಮೇಟ್ರನ್ನಮ್ಮ. "ಕೇಳದೆ ಮಂಚ ಎತ್ತಿಟ್ಟೋಳು ನಾನು. ಎಂಟು ದಿನ ಕೊಡಿ. ಎಂಟನೇ ದಿನ ನೀವೇ ಬಂದು ನೋಡಿ. ಆಗ್ಲೂ ಏಳ್ದಿದ್ರೆ ನಾನೇ ಕೈಯಾರೆ ಬಿಟ್ಟು ಬರ್ತೀನಿ."

ಆ ಎಂಟು ದಿನ ಅವರೂ ನಿದ್ದೆ ಮಾಡಲಿಲ್ಲ, ನಮಗೂ ನೆಮ್ಮದಿ ಕೊಡಲಿಲ್ಲ. ಅಜ್ಜಿಯ ಹತ್ತಿರ ಬರುವರು, ಬೇಡಿಕೊಳ್ಳುವರು, ಬೈಯುವರು, ಹೊರಟು ಹೋಗುವರು, ಬಾಗಿಲಿನಿಂದಲೇ ತಿರುಗಿ ಬರುವರು. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅಜ್ಜಿಯ ಮಂಚದ ಪಕ್ಕ ನಿಂತು, ತಲೆಗೆ ಕಟ್ಟಿದ್ದ ಬಿಳಿಯ ವಸ್ತ್ರ ಬಿಚ್ಚಿ, ತಮ್ಮ ಕಣ್ಣಿಗೇ ಬಿಗಿದುಕೊಂಡರು. "ಅಜ್ಜಿ, ನಾನು ಬಚ್ಚಲಿಗೆ ಹೋಗ್ತಿದ್ದೀನಿ" ಎಂದು ಹೊರಟೇಬಿಟ್ಟರು. ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು! ಐದು ಹೆಜ್ಜೆಗೆ ಪಕ್ಕದ ಮಂಚ ಎಡವಿದರು, ಹತ್ತಕ್ಕೆ ಗೋಡೆಗೆ ಭುಜ ತಾಗಿತು, ಆಮೇಲೆ ಕಂಬಕ್ಕೆ ಹಣೆ ಧಡ್ ಎಂದು ಬಡಿಯಿತು.

"ಏನವ್ವ ಅದು ಸದ್ದು?" ಅಂದರು ಅಜ್ಜಿ, ಮುಸುಕಿನೊಳಗಿನಿಂದ.

"ಮೇಟ್ರನ್ನಮ್ಮ ಕಣ್ಣು ಕಟ್ಕೊಂಡು ಕಂಬಕ್ಕೆ ಗುದ್ದಿಕೊಂಡ್ರು" ಅಂದೆ. ಹಣೆಯಿಂದ ರಕ್ತ ಬರುತ್ತಿತ್ತು.

ಮುಸುಕು ಸರಿಯಿತು. ಅಷ್ಟು ದಿನದ ಮೇಲೆ ಅಜ್ಜಿ ಕಿಸಕ್ಕನೆ ನಕ್ಕರು. "ಎಂಗವ್ವ ನಡೀತೀರಿ ನೀವು, ಕೋಣ ನುಗ್ದಂಗೆ! ಮೊದ್ಲು ಪಾದ ಊರ್ಬೇಕು, ಆಮ್ಯಾಕೆ ಮೈ ಬುಡ್ಬೇಕು. ತಡೀರಿ, ಬತ್ತೀನಿ" ಎಂದು ಮಂಚದಿಂದ ಇಳಿದರು.

ಮಿಕ್ಕ ನಾಲ್ಕು ದಿನವೂ ಮಧ್ಯಾಹ್ನ ಅಜ್ಜಿಯೇ ಮೇಷ್ಟ್ರು, ಮೇಟ್ರನ್ನಮ್ಮನೇ ಶಿಷ್ಯೆ. ಅಜ್ಜಿಯದು ಹದಿನೇಳು ಹೆಜ್ಜೆ, ಉದ್ದನೆಯ ಆಳಾದ ಮೇಟ್ರನ್ನಮ್ಮನದು ಹದಿನಾಲ್ಕು. ಎಂಟನೆಯ ದಿನ ಕಾರ್ಯದರ್ಶಿಗಳು ಬಂದು ಕೊಡೆ ಊರಿ ನಿಂತರು. ಅಜ್ಜಿ ಒಬ್ಬರೇ ಹೋದರು, ಕಂಬ ತಟ್ಟಿದರು, ಒಬ್ಬರೇ ಬಂದರು. ವಕೀಲರ ಮುಂದೆ ನಿಂತು, "ನಿಮ್ಮ ಮೇಟ್ರನ್ನಮ್ಮ ಇನ್ನೂ ಪಕ್ಕಾ ಆಗಿಲ್ಲ ಕಣ್ರಪ್ಪ" ಅಂದರು. ಆರು ವರ್ಷ ಅದೇ ಮಂಚದಲ್ಲಿದ್ದು, ಅದೇ ಮಂಚದಲ್ಲಿ ಹೋದರು.

ಅಂದಿನಿಂದ ಪ್ರತಿ ವಸಂತದಲ್ಲೂ ಮಂಚಗಳನ್ನು ಒಳಗಿಟ್ಟ ಮೇಲೆ ಮೇಟ್ರನ್ನಮ್ಮ ಕಣ್ಣು ಕಟ್ಟಿಕೊಂಡು ನಡೆದು ನೋಡುತ್ತಿದ್ದರು. ಹದಿನಾಲ್ಕನೆಯ ಹೆಜ್ಜೆಗೆ ಕಂಬ ಕೈಗೆ ಸಿಕ್ಕಿದರೆ ಮಾತ್ರ ಕೆಲಸ ಮುಗಿದ ಲೆಕ್ಕ. ಅಜ್ಜಿ ಹೋದ ಮೇಲೂ ಬಿಡಲಿಲ್ಲ. ಕಣ್ಣು ಕಟ್ಟಿಕೊಳ್ಳುವ ಅಗತ್ಯ ಇಲ್ಲದ ಕಾಲವೂ ಬಂತು. ಅವರ ಎರಡೂ ಕಣ್ಣಿಗೆ ಪೊರೆ ಬಂದು ಕೊನೆಗೆ ಕತ್ತಲೆಯೇ ಆಯಿತು. ಮದುವೆಯಾಗದವರು, ಹಿಂದೆ ಮುಂದೆ ಯಾರೂ ಇಲ್ಲ. ಬಳೆಗಾರಜ್ಜಿಯ ಮಂಚವನ್ನೇ ಕೇಳಿ ಪಡೆದರು. ಬೀಗದ ಕೈ ಗೊಂಚಲು ನನ್ನ ಸೊಂಟಕ್ಕೆ ಬಂತು.

ಅವರ ಕೊನೆಯ ವಸಂತ. ಮಂಚ ಬಿಸಿಲಿಗೆ ಹಾಕಿದ ದಿನ ಮಧ್ಯಾಹ್ನವೇ ಮೋಡ ಕವಿಯಿತು. ಹೊಸ ಹುಲ್ಲು ನೆನೆಯುತ್ತದೆಂದು ಗಡಿಬಿಡಿಯಲ್ಲಿ ಎಲ್ಲವನ್ನೂ ಒಳಗೆ ತಳ್ಳಿಸಿದೆ. ಹೊಂಗೆಯ ಕೆಳಗಿನಿಂದ ಅವರನ್ನು ಕರೆತರುವಾಗ ಕೇಳಿದರು: "ನಡೆದು ನೋಡಿದ್ಯಾ?"

"ನೋಡ್ದೆ ಅಮ್ಮ" ಅಂದೆ. ಸುಳ್ಳು.

ಮಂಚದ ಕಾಲು ಮುಟ್ಟಿ ನೋಡಿ, ನನ್ನ ಕೈ ಬಿಟ್ಟು, ಬಚ್ಚಲಿಗೆ ಹೊರಟರು. ಬಾಯಲ್ಲೇ ಎಣಿಸುತ್ತಿದ್ದರು. ಹದಿನಾಲ್ಕಕ್ಕೆ ಕೈ ಚಾಚಿದರು. ಕಂಬ ಇರಲಿಲ್ಲ. ಹಸ್ತ ಗಾಳಿಯಲ್ಲೇ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಹೆಜ್ಜೆ ಇಟ್ಟರು. ಕಂಬ ಸಿಕ್ಕಿತು.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಡವುತ್ತ ಬಂದು ನನ್ನ ಕೆನ್ನೆ ಮುಟ್ಟಿ, "ಸುಸ್ತಾಗಿದ್ದೀಯ. ಒಂದು ಗಳಿಗೆ ಕೂತ್ಕೋ ಕಣಮ್ಮ" ಅಂದರು. ಹದಿನೆಂಟು ವರ್ಷದಲ್ಲಿ ಅವರು ನನಗೆ ಕೂತುಕೋ ಎಂದದ್ದು ಅದೊಂದೇ ಸಲ.

ಮಂಚವನ್ನು ಆ ಗಳಿಗೆಯಲ್ಲೇ ಸರಿಸಿದೆ. ಆದರೆ ಅವರು ಮತ್ತೆ ಒಬ್ಬರೇ ನಡೆಯಲಿಲ್ಲ, ಆಯಾಳ ಕೈ ಕೇಳಿದರು. ಹಿಂದಿನ ಮನೆಗೆ ಕಳಿಸುವ ಮಾತು ಬಂದಾಗ, ಕಾನೂನು ಹಾಳಾಗಲಿ, ಬೀಗದ ಕೈ ನನ್ನ ಹತ್ತಿರ ಇದೆ ಎಂದು ಜಗಳಕ್ಕೆ ನಿಂತೆ. ಆ ಜಗಳ ಮುಗಿಯುವ ಮೊದಲೇ, ಈಸ್ಟರಿನ ಮರುದಿನ ಬೆಳಿಗ್ಗೆ, ಅವರು ತೀರಿಕೊಂಡರು.

ಈಗಲೂ ಪ್ರತಿ ವಸಂತದಲ್ಲಿ ಕಣ್ಣು ಮುಚ್ಚಿ ನಡೆಯುತ್ತೇನೆ. ನನ್ನದು ಹದಿನಾರು ಹೆಜ್ಜೆ. ಆ ಮಂಚದಲ್ಲಿ ಈಗ ಕಣ್ಣು ಕಾಣುವವರೇ ಇದ್ದಾರೆ, ನೋಡಿ ನಗುತ್ತಾರೆ. ಕಂಬ ಕೈಗೆ ಸಿಕ್ಕುತ್ತದೆ, ಆದರೂ ಸಮಾಧಾನವಿಲ್ಲ, ಹಿಂತಿರುಗಿ ಇನ್ನೊಮ್ಮೆ ಎಣಿಸುತ್ತೇನೆ. ಇದನ್ನು ಬರೆಯುವಾಗಲೂ ನಾಲ್ಕು ಸಲ ಎದ್ದು ಬಂದೆ. ಅವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಕೂತುಕೋ ಅಂದರಲ್ಲ, ಅದೊಂದು ಮಾತ್ರ ನನ್ನ ಕೈಲಿ ಆಗಿಲ್ಲ.