ಮಂದೆ ಬೇಡವೆಂದ ಹೊಂಡ

ನಮ್ಮ ಹೊಂಡದ ಮೀನು ಒಂದು ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲಿದಾಗ ಊರಿನವರ ಮೊದಲ ಮಾತು ಮೀನಿನ ಬಗ್ಗೆ ಇರಲಿಲ್ಲ, ನನ್ನ ಬಗ್ಗೆ ಇತ್ತು. ಹೆಂಗಸಿನ ಕೈಗೆ ಹೊಂಡ ಕೊಟ್ಟರೆ ಇನ್ನೇನಾದೀತು ಎಂದರು. ನನಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಸಿಟ್ಟು ಮಾತ್ರ ಈಗಿನಷ್ಟೇ ಇತ್ತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಹೊಳಲ್ಕೆರೆ ತಾಲ್ಲೂಕಿನಲ್ಲಿ, ಬಿ.ದುರ್ಗದ ಹತ್ತಿರದ ಹಳ್ಳಿ ನಮ್ಮದು. ಕುರಿ ಸಾಕುವ ಮನೆ. ಭತ್ತದ ಕೊಯ್ಲು ಶುರುವಾಯಿತೆಂದರೆ ನನ್ನ ಗಂಡ ದೊಡ್ಡ ಹಿಂಡನ್ನು ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋಗುತ್ತಿದ್ದರು. ಮತ್ತೆ ಮುಖ ತೋರಿಸುವುದು ಮುಂಗಾರಿನ ಹೊತ್ತಿಗೆ. ಮನೆಯಲ್ಲಿ ಉಳಿಯುತ್ತಿದ್ದವರು ನಾನು, ನನ್ನ ಓರಗಿತ್ತಿ, ಮತ್ತು ಚಿಕ್ಕ ಹಿಂಡನ್ನು ನೋಡಿಕೊಳ್ಳುವ ಭಾವ, ಅಂದರೆ ಗಂಡನ ಅಣ್ಣ. ಕುರಿಗೆ ನೀರಾಗಲಿ ಎಂದು ಮಾವ ತೋಡಿಸಿದ್ದ ಹೊಂಡಕ್ಕೆ ಮೀನು ಬಿಡೋಣ ಎಂದವಳು ನಾನು. ಹಿರಿಯೂರಿನ ಕಡೆಯಿಂದ ಮಡಕೆಗಳಲ್ಲಿ ಮರಿ ತಂದವಳೂ ನಾನೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಕೆಯ ನೀರನ್ನು ಕೈಯಿಂದ ಕಲಕುತ್ತಿರಬೇಕು, ಇಲ್ಲದಿದ್ದರೆ ಮರಿಗೆ ಉಸಿರು ಕಟ್ಟುತ್ತದೆ. ಕಂಡಕ್ಟರ್ ಬೈದ, ಪಕ್ಕದವಳ ಸೀರೆ ಒದ್ದೆಯಾಗಿ ಅವಳೂ ಬೈದಳು. ನಾನು ಕೈ ತೆಗೆಯಲಿಲ್ಲ.

ಹಾಗೆ ತಂದು ಬೆಳೆಸಿದ ಮೀನು ಸತ್ತಿತ್ತು. ಭಾವ ಏರಿಯ ಮೇಲೆ ನಿಂತು, ಮೂಗಿಗೆ ಟವೆಲ್ ಹಿಡಿದುಕೊಂಡು ಹೇಳಿದರು:

"ಇನ್ನೊಂದು ಚಳಿಗಾಲ ನೋಡ್ತೀನಿ. ಆಗ್ಲೂ ಹಿಂಗೇ ಆದ್ರೆ ಹೊಂಡ ಮುಚ್ಚಿಸಿ ಜೋಳ ಬಿತ್ತಿಸ್ತೀನಿ. ತಿಳೀತೇನವ್ವ?"

ಚೆನ್ನಾಗಿಯೇ ತಿಳಿಯಿತು. ಆ ಮನೆಯಲ್ಲಿ ಇದು ನನ್ನದು ಎಂದು ಬಾಯಿಬಿಟ್ಟು ಹೇಳಬಹುದಾದದ್ದು ಆ ಹೊಂಡ ಒಂದೇ. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಕಿಂಚಿತ್ತೂ ಇರಲಿಲ್ಲ.

ನಮ್ಮ ಹಳ್ಳದ ಗುಂಟ ಇನ್ನೂ ಎರಡು ಹೊಂಡಗಳಿದ್ದವು. ಕೆಳಗಿನದು ಒಬ್ಬ ಅಜ್ಜಿಯದು. ಗಂಡನಿಲ್ಲ, ಹಲ್ಲಿಲ್ಲ, ಹೆದರಿಕೆಯಂತೂ ಇಲ್ಲವೇ ಇಲ್ಲ. ಮೇಲಿನದು ತೆಂಗಿನ ತೋಟದ ಯಜಮಾನರದು. ಊರೆಲ್ಲ ಅವರನ್ನು ತೋಟದಣ್ಣ ಎನ್ನುತ್ತಿತ್ತು. ಮಾತಿಗಿಂತ ಗೊಣಗಾಟ ಜಾಸ್ತಿ. ಮೂವರೂ ಒಂದೇ ಕಡೆಯ ಮರಿ ಬಿಟ್ಟಿದ್ದೆವು. ನನ್ನ ಮೀನು ಪೂರ್ತಿ ಹೋಯಿತು, ಅಜ್ಜಿಯದು ಅರ್ಧ ಹೋಯಿತು, ತೋಟದಣ್ಣನದಕ್ಕೆ ಏನೂ ಆಗಲಿಲ್ಲ. ಅದೇ ಹಳ್ಳ, ಅದೇ ಚಳಿ. ಹಾಗಾದರೆ ಹೊಂಡ ಹೆಂಗಸಿನದೋ ಗಂಡಸಿನದೋ ಎಂದು ಮೀನಿಗೆ ಹೇಗೆ ಗೊತ್ತಾಯಿತು?

ನಾನು ಮೊದಲು ಮಾಡಿದ ಕೆಲಸ ನೆನೆದರೆ ಈಗಲೂ ನಗು ಬರುತ್ತದೆ. ಸೂಲಗಿತ್ತಿಯ ಹತ್ತಿರ ಜ್ವರ ನೋಡುವ ಥರ್ಮಾಮೀಟರ್ ಇಸಿದುಕೊಂಡು ಹೊಂಡದಲ್ಲಿ ಅದ್ದಿದೆ. ಪಾದರಸ ಅಲ್ಲಾಡಲಿಲ್ಲ. ಚಿತ್ರದುರ್ಗದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಅದನ್ನು ಕೇಳಿ, "ಮೀನಿಗೆ ಜ್ವರ ಬಂದೈತೇನಕ್ಕ?" ಎಂದು ಬಿದ್ದುಬಿದ್ದು ನಕ್ಕ. ನಗಲಿ, ಅವನು ಕೊಟ್ಟಿದ್ದು ಮಾತ್ರ ಸರಿಯಾದ ಸಾಮಾನು. ನೀರಿನ ಬಿಸಿ ತಂಪು ಅಳೆಯುವ ಉದ್ದನೆಯ ಥರ್ಮಾಮೀಟರ್, ಗಾಜಿನ ಬಿರಡೆಯ ಬಾಟಲಿಗಳು, ಎರಡು ಸೀಸೆ ಮದ್ದು.

"ಬಾಟ್ಲಿಗೆ ಗುಳ್ಳೆ ಬರದಂಗೆ ನೀರು ತುಂಬಕ್ಕ. ಎರಡೂ ಮದ್ದು ಹನಿ ಹಾಕಿ ಬಿರಡೆ ಮುಚ್ಚು. ಕಂದು ಬಂದ್ರೆ ನೀರಾಗೆ ಮೀನಿಗೆ ಬೇಕಾದ ಗಾಳಿ ಐತೆ. ಬಿಳಿ ಬಂದ್ರೆ ಇಲ್ಲ. ಮದ್ದು ಕೈಗೆ ತಾಗಿಸ್ಕಬ್ಯಾಡ, ಸುಡ್ತದೆ."

ಒಬ್ಬಳೇ ನೋಡಿದರೆ ನನ್ನ ಹೊಂಡದ ಕತೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಬಾಟಲಿಗಳನ್ನು ಮೂರು ಪಾಲು ಮಾಡಿದೆ. ಅಜ್ಜಿ ಕೇಳುವ ಮುಂಚೆಯೇ ಕೈ ಚಾಚಿದಳು. ತೋಟದಣ್ಣ, "ನನ್ನ ಮೀನು ಚೆನ್ನಾಗೇ ಅವೆ, ನನಗ್ಯಾಕೆ?" ಎಂದು ಗೊಣಗಿದರು. "ಚೆನ್ನಾಗಿರೋದು ಯಾಕೆ ಅಂತ ನಿಮಗೆ ಗೊತ್ತೈತಾ?" ಎಂದೆ. ಗೊತ್ತಿರಲಿಲ್ಲ. ಒಪ್ಪಿಕೊಂಡರು.

ಮಳೆಗಾಲದಲ್ಲಿ ಮತ್ತೆ ಮರಿ ತಂದು ಹೊಂಡಕ್ಕೆ ಬಿಟ್ಟೆ. ಚಳಿ ಬಿದ್ದಮೇಲೆ ಬೆಳಕು ಹರಿಯುವ ಹೊತ್ತಿಗೆ ಮೂವರೂ ಅವರವರ ಹೊಂಡದಲ್ಲಿ ಇರುತ್ತಿದ್ದೆವು. ಮೇಲಿನ ನೀರು ಒಂದು ಬಾಟಲಿ, ತಳದ ನೀರು ಒಂದು ಬಾಟಲಿ. ತಳದ ನೀರು ಬೇಕೆಂದರೆ ಬಾಟಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಬಿರಡೆಗೆ ಕಟ್ಟಿದ ದಾರವನ್ನು ಜಗ್ಗಬೇಕು. ಆಮೇಲೆ ಬಾಟಲಿಗಳನ್ನು ಹುಣಸೆಮರದ ಕೆಳಗಿನ ಚಪ್ಪಡಿಯ ಮೇಲೆ ಸಾಲಾಗಿ ಇಟ್ಟು ನೋಡುತ್ತಿದ್ದೆವು. ಊರಿಗೆ ಪುಕ್ಕಟೆ ತಮಾಷೆ ಸಿಕ್ಕಿತು. ಬೆಳಬೆಳಿಗ್ಗೆಯೇ ಬಾಟಲಿ ಹಿಡಿದಿದ್ದಾರೆ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತವರು ನಗುತ್ತಿದ್ದರು. ಅಜ್ಜಿ ಒಂದು ದಿನ ಅಲ್ಲಿಗೇ ಹೋಗಿ, "ಬರ್ರಿ, ನೀವೂ ಒಂದು ಗುಟುಕು ಕುಡೀರಿ, ಕರುಳು ಸುಟ್ಟು ಹೋಗ್ತದೆ" ಎಂದು ಬಾಟಲಿ ಚಾಚಿದಳು. ಆಮೇಲೆ ನಗು ಕಡಿಮೆಯಾಯಿತು.

ಸಾಲು ಬಾಟಲಿಗಳು ಹೇಳಿದ್ದು ನಾನು ಕೇಳಬೇಕೆಂದುಕೊಂಡಿದ್ದ ಮಾತಲ್ಲ. ತೋಟದಣ್ಣನ ಬಾಟಲಿ ಯಾವಾಗಲೂ ಕಾಫಿಯ ಬಣ್ಣ. ಭಾವ ನಮ್ಮ ಏರಿಯ ಮೇಲೆ ರಾತ್ರಿ ಕುರಿಮಂದೆ ನಿಲ್ಲಿಸತೊಡಗಿದ ಮೇಲೆ ನನ್ನ ಬಾಟಲಿ ದಿನದಿನಕ್ಕೆ ಬಿಳಚಿಕೊಂಡಿತು. ಮಂದೆ ಅಜ್ಜಿಯ ಹೊಂಡಕ್ಕೆ ಹೋದಮೇಲೆ ಅವಳದೂ ಹಾಗೇ ಆಯಿತು. ತೋಟದಣ್ಣ ಸಸಿ ಮೇಯುತ್ತವೆಂದು ಕುರಿಯನ್ನು ಬೇಲಿಯೊಳಗೆ ಬಿಟ್ಟವರೇ ಅಲ್ಲ. ತಮ್ಮನನ್ನು ಕೇಳಿದರೆ ಬಿಡಿಸಿ ಹೇಳಿದ. ಬಿಸಿಲಿದ್ದಾಗ ಏರಿಯಿಂದ ನೀರಿಗೆ ಉರುಳುವ ಕುರಿಯ ಹಿಕ್ಕೆ ಹೊಂಡಕ್ಕೆ ಒಳ್ಳೆಯ ಗೊಬ್ಬರ. ಮೋಡ ಮುಚ್ಚಿದರೆ ಅದು ಕೊಳೆಯುತ್ತಾ ನೀರಿನ ಗಾಳಿಯನ್ನೆಲ್ಲ ತಿನ್ನುತ್ತದೆ. ಚಳಿ ಜೋರಾಗಿ ಮೇಲಿನ ನೀರು ತಳದಷ್ಟೇ ತಣ್ಣಗಾದರೆ ಮೇಲಿನದು ಕೆಳಗಿಳಿದು, ತಳದ ಹೊಲಸು ಮೇಲೆ ಬರುತ್ತದೆ. ಮೀನು ಸಾಯುವುದು ಆಗಲೇ.

ಅಂದರೆ ನಮ್ಮ ಮೀನನ್ನು ಕೊಂದದ್ದು ನಮ್ಮ ಮನೆಯ ಕುರಿ.

ಇದನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ತಿಳಿಯದು. ನಮ್ಮವರಲ್ಲಿ ಮಂದೆ ನಿಂತ ನೆಲ ಪುಣ್ಯದ ನೆಲ, ಹಿಕ್ಕೆಯೆಂದರೆ ಲಕ್ಷ್ಮಿ. ಬಂದ ಮಂದೆಯನ್ನು ಬೇಡ ಎನ್ನುವುದು ಎಲೆಯ ಮುಂದೆ ಕೂತ ನೆಂಟನನ್ನು ಎಬ್ಬಿಸಿ ಕಳಿಸಿದ ಹಾಗೆ. ಅದೂ ಸೊಸೆಯಾದವಳು, ಭಾವನ ಎದುರು ತಲೆ ಎತ್ತಿ ನಿಲ್ಲದ ಕಾಲದಲ್ಲಿ! ಓರಗಿತ್ತಿ ಬುದ್ಧಿ ಹೇಳಿದಳು, ಹೊಂಡ ಹೋದರೆ ಹೋಗಲಿ, ಮಾನ ಉಳಿಸಿಕೋ ಎಂದು. ಮೀನು ಸತ್ತರೆ ಹೋಗುವುದು ಯಾರ ಮಾನ ಎಂದು ಅವಳನ್ನೇ ಕೇಳಿದೆ.

ಮೋಡ ಕವಿದು, ಬಿಸಿಲೇ ಕಾಣದ ಒಂದು ಸಂಜೆ ಭಾವ ಮಂದೆಯನ್ನು ಮತ್ತೆ ನಮ್ಮ ಹೊಂಡದ ಕಡೆ ತಿರುಗಿಸಿದರು. ನಾನು ಸೆರಗು ಸಿಕ್ಕಿಸಿ ಏರಿಗೆ ಹತ್ತುವ ದಾರಿಗೆ ಅಡ್ಡ ನಿಂತೆ.

"ಭಾವ, ಮಂದೆ ಇಲ್ಲಿ ಬ್ಯಾಡ."

"ಏನಂದಿ?"

"ಚಳಿ ಕಳಿಯೋವರೆಗೂ ಈ ಏರಿ ಮ್ಯಾಲೆ ಮಂದೆ ನಿಲ್ಲಂಗಿಲ್ಲ. ಮೀನು ಸಾಯ್ತಿರೋದು ಹಿಕ್ಕೆಯಿಂದ."

ಅವರ ಮುಖ ಕಪ್ಪಿಟ್ಟಿತು. "ಮಂದೆ ಬ್ಯಾಡ ಅಂದೋರು ಈ ಮನೆತನದಾಗೆ ಯಾರೂ ಹುಟ್ಟಿಲ್ಲ."

"ನಾನು ಹುಟ್ಟಿದ್ದು ಬೇರೆ ಮನೆತನದಾಗೆ" ಎಂದೆ.

ಕೋಲು ಎತ್ತುತ್ತಾರೆಂದೇ ಅಂದುಕೊಂಡೆ. ಆದರೂ ಜಾಗ ಬಿಡಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಅಜ್ಜಿ ಕೂಗಿದಳು. "ನನ್ನ ಹೊಂಡದತ್ರಾನೂ ತರಬ್ಯಾಡಪ್ಪ, ನಾನೂ ಒಲ್ಲೆ!" ತೋಟದಣ್ಣ ಬೇಲಿ ದಾಟಿ ಬಂದು, ಯಾರ ಮುಖವನ್ನೂ ನೋಡದೆ, "ನನ್ನ ಬೀಳು ಹೊಲ ಐತೆ. ಹಳ್ಳದಿಂದ ದೂರ. ಅಲ್ಲಿ ನಿಲ್ಲಿಸ್ರಿ" ಎಂದರು. ಸೊಸೆಯೊಬ್ಬಳನ್ನು ಗದರಿಸಬಹುದು. ಹಳ್ಳದ ಮೂರೂ ಹೊಂಡದವರು ಒಟ್ಟಾಗಿ ಬೇಡವೆಂದರೆ ಏನು ಮಾಡುತ್ತಾರೆ? ಭಾವ ಮಂದೆ ತಿರುಗಿಸಿಕೊಂಡು ಹೋದರು. ಚಳಿ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಹಿಕ್ಕೆ ಮೊದಲೇ ಸಾಕಷ್ಟು ಬಿದ್ದಿತ್ತು. ಅದೇ ವಾರ ಒಂದು ಬೆಳಿಗ್ಗೆ ಥರ್ಮಾಮೀಟರ್ ಮೇಲಿನ ನೀರಿಗೂ ತಳದ ನೀರಿಗೂ ಒಂದೇ ಗೆರೆ ತೋರಿಸಿತು. ಬಾಟಲಿ ಬಿಳಿಗೆ ತಿರುಗಿತ್ತು, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನಾನು ಕೂಗಿಕೊಂಡೆ. ತೋಟದಣ್ಣ ಆಯಿಲ್ ಎಂಜಿನ್ನನ್ನು ಗಾಡಿಯ ಮೇಲೆ ಹೇರಿಕೊಂಡು ಬಂದರು. ಗಾಳಿ ಬೆರೆಯಲಿ ಎಂದು ಹೊಂಡದ ನೀರನ್ನೇ ಎತ್ತಿ ಬಂಡೆಯ ಮೇಲಿಂದ ಮತ್ತೆ ಹೊಂಡಕ್ಕೇ ಧುಮುಕಿಸಿದೆವು. ಎಂಜಿನ್ ಬಿಸಿಯಾಗಿ ನಿಂತಾಗ ಅಜ್ಜಿಯೂ ನಾನೂ ಬಿಂದಿಗೆಯಲ್ಲಿ ಎತ್ತಿ ಎತ್ತಿ ಸುರಿದೆವು. ಓರಗಿತ್ತಿಯೂ ಬಂದು ಬಿಂದಿಗೆ ಹಿಡಿದಳು. ಸಂಜೆಯ ಬಾಟಲಿ ಕಂದಾಗಿತ್ತು. ನಾನು ಏರಿಯ ಮೇಲೆ ಕೂತು ಅತ್ತೆ.

ಶಿವರಾತ್ರಿ ಕಳೆದಮೇಲೆ ಬಲೆ ಎಳೆಸಿದೆ. ಮೊಳದುದ್ದದ ಮೀನುಗಳು ಬಲೆಯಲ್ಲಿ ಒದ್ದಾಡುವುದನ್ನು ನೋಡಲು ಅರ್ಧ ಊರು ಏರಿಯ ಮೇಲೆ ನಿಂತಿತ್ತು. ಭಾವ ಎಲ್ಲರ ಮುಂದೆ ನಿಂತು, "ಈ ಸಲ ದೇವರು ಕಣ್ಣು ಬಿಟ್ಟ" ಎಂದರು. ಹೌದು ಹೌದು ಎಂದು ಗಂಡಸರೆಲ್ಲ ತಲೆ ಅಲ್ಲಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಸತ್ತರೆ ನನ್ನಿಂದ, ಬದುಕಿದರೆ ದೇವರಿಂದ!

"ದೇವರಿಗೆ ನಾನೂ ಕೈ ಮುಗೀತೀನಿ ಭಾವ. ಆದ್ರೆ ಹೋದ ವರ್ಷ ಮೀನು ಸತ್ತಿದ್ದು ಯಾಕೆ? ಅದನ್ನ ಹೇಳ್ರಿ."

ಭಾವ ಬಲೆಯನ್ನು ನೋಡಿದರು, ನೀರನ್ನು ನೋಡಿದರು. ಕೊನೆಗೆ ಟವೆಲ್ಲಿನೊಳಗೆ ಹೇಳಿದಂತೆ ಮೆಲ್ಲಗೆ, "ಮಂದೆ ನಿಲ್ಲಿಸಿದ್ದಕ್ಕೆ" ಎಂದರು.

ಅಷ್ಟು ಸಾಕಿತ್ತು ಎಂದು ಓರಗಿತ್ತಿ ಇವತ್ತಿಗೂ ಹೇಳುತ್ತಾಳೆ. ನನಗೆ ಸಾಕಾಗಲಿಲ್ಲ. "ಹಿಂದೆ ನಿಂತೋರಿಗೆ ಕೇಳಿಸಲಿಲ್ಲ ಭಾವ" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಊರಿನ ಕಡೆ ತಿರುಗಿ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದರು.