ಶಾರ್ಕ್ ಮತ್ತು ಎಣ್ಣೆ ಡಬ್ಬಾ

ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮಾಕೋಲಿನ ಶಾರ್ಕ್ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಸೀಳಿ ತೋರಿಸಿದ ಅದರ ಹೊಟ್ಟೆಯೊಳಗೆ ಹಳದಿ ಬಳಿದದ್ದು ಏನೆಂದು ಪಕ್ಕದ ರೈತರು ಕೇಳಿದರು. ತರಗತಿಯಲ್ಲಿ ಪಾಠ ಮಾಡುವ ಹುಮ್ಮಸ್ಸಿನಲ್ಲೇ ಹೇಳಿದೆ: "ಲಿವರ್ ರೀ. ಬ್ಯಾರೆ ಮೀನಿನ ಹೊಟ್ಟ್ಯಾಗ ಗಾಳಿಚೀಲ ಇರ್ತದ, ಇದಕ್ಕಿಲ್ಲ. ಕೋಟಿಗಟ್ಟಲೆ ವರ್ಷದಾಗ ಇದರ ಕುಲ ಲಿವರಿನಾಗ ಎಣ್ಣಿ ತುಂಬ್ಕೊಂಡು ಹಗುರಾಗ್ಯದ."

ಅವರು ಆ ಹಳದಿಯ ಮೇಲೆ ಬೆರಳಿಟ್ಟರು.

"ಸರ್, ಮಗಗ ಈಜ ಕಲಸ್ಲಾಕ ಬಾವ್ಯಾಗ ಇಳಿಸಿದ್ದೆ. ಎಣ್ಣಿ ಡಬ್ಬಾ ಖಾಲಿ ಮಾಡಿ ನಡಕ್ಕ ಕಟ್ಟಿದ್ದೆ. ಮೋಟರ್ ಬಂದ್ ಮಾಡಿ ಬರೂದ್ರಾಗ ಮುಚ್ಚಳ ಸಡ್ಲಾಗಿ ಡಬ್ಬಾದಾಗ ನೀರು ತುಂಬಿತ್ತು. ಎಣ್ಣಿ ಹಂಗೇ ಬಿಟ್ಟಿದ್ರ ಉಳೀತಿದ್ದನೇನ್ರಿ?"

"ಇಲ್ರಿ. ಅಷ್ಟು ಎಣ್ಣಿ ಹುಡುಗನ ಭಾರ ತಡ್ಯಂಗಿಲ್ಲ. ಶಾರ್ಕೂ ಬರೇ ಎಣ್ಣಿ ಮ್ಯಾಲ ತೇಲಂಗಿಲ್ಲ. ಈಜೂದು ನಿಲ್ಲಿಸಿದ್ರ ಮುಳಗ್ತದ."

ಸಮಾಧಾನಕ್ಕೆ ಹೇಳಿದ್ದಲ್ಲ, ಇದ್ದದ್ದೇ ಅಷ್ಟು.

ಅವರು ಥರ್ಮಾಕೋಲಿನ ಬೆನ್ನು ಸವರಿದರು. "ದಣ್ಯಂಗಿಲ್ಲೇನ್ರಿ ಅದು?"

ಪ್ರದರ್ಶನದಲ್ಲಿ ನಮ್ಮ ಶಾಲೆಯ ಶಾರ್ಕಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಕೇಳಿದ್ದಕ್ಕೆಲ್ಲ ನನ್ನ ಬಳಿ ಉತ್ತರವಿತ್ತು.