ಗಂಗವ್ವನ ಒದ್ದೆ ಕೈ

ತಪ್ಪು ನನ್ನದು. ಒದ್ದೆ ಕೈಯಿಂದ ವಿದ್ಯುತ್ ಬಟನ್ ಮುಟ್ಟಬಾರದೆಂದು ಕರಪತ್ರದಲ್ಲಿ ಓದಿಯೂ ತಂಗಿ ಗಂಗವ್ವನಿಗೆ ಹೇಳಲಿಲ್ಲ. ಇಂದು ಪಕ್ಕದ ಮನೆಯ ಹುಡುಗಿ ಕೈ ತೊಳೆದು ಬಟನ್ನಿನತ್ತ ಓಡಿದ್ದು ಕಂಡು ಆ ಸಂಜೆ ನೆನಪಾಯಿತು.

ಬನಹಟ್ಟಿಯ ನಮ್ಮ ಮಗ್ಗದ ಮನೆಗೆ ಆಗಷ್ಟೇ ವಿದ್ಯುತ್ ದೀಪ ಬಂದಿತ್ತು. ಅದರ ಹಿತ್ತಾಳೆ ಬಟನ್ನಿಗೂ ಅವ್ವ ಕುಂಕುಮ ಹಚ್ಚಿದ್ದಳು.

"ಕೈ ತೊಳ್ಕೊಂಡು ದೀಪಾ ಹಚ್ಚ ಬೇ," ಎಂದು ಎಣ್ಣೆ ದೀಪದ ದಿನಗಳಂತೆಯೇ ತಂಗಿಗೆ ಹೇಳಿದಳು.

ನಾನು ಹೊರಗೆ ಕಟ್ಟೆಯ ಮೇಲೆ ಗೆಳೆಯರಿಗೆ ಅದೇ ಕರಪತ್ರ ಓದುತ್ತಿದ್ದೆ. ತಂಗಿಯ ಚೀರಾಟ ಕೇಳಿ ಒಳಗೋಡಿದೆ.

ಗಂಗವ್ವ ಬದುಕಿದಳು. ಆದರೆ ಸುಟ್ಟು ಮುರುಟಿದ ಬೆರಳುಗಳಿಂದ ಮಗ್ಗದಲ್ಲಿ ಹರಿದ ಎಳೆ ಕಟ್ಟಲು ಮತ್ತೆಂದೂ ಆಗಲಿಲ್ಲ.

"ಊರಿಗೆಲ್ಲಾ ಓದಿ ಹೇಳ್ತಿದ್ದಿ. ನನಗ್ಯಾಕ ಹೇಳಲಿಲ್ಲೋ ಅಣ್ಣಾ?" ಎಂದು ಕೇಳಿದಳು.

ಓಣಿಯವರೇ, ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಗೆ ನಿಮ್ಮ ಮಕ್ಕಳನ್ನು ಕರೆತನ್ನಿ. ಒದ್ದೆ ಕೈಯಿಂದ ಬಟನ್ ಯಾಕೆ ಮುಟ್ಟಬಾರದೆಂದು ಗಂಗವ್ವ ಹೇಳಿಕೊಡುತ್ತಾಳೆ.